ಸಾವಿನ ಮುಂದೆ ಕೂತು ಬೊಯೆಥಿಯಸ್ ಕ್ರಿಸ್ತನ ಹೆಸರು ಯಾಕೆ ಎತ್ತಲಿಲ್ಲ?

ಪ್ರಶ್ನೆ: ಬೊಯೆಥಿಯಸ್ ಎಂಬ ರೋಮನ್ ಲೇಖಕ ಮರಣದಂಡನೆ ಕಾಯುತ್ತಾ ಸೆರೆಯಲ್ಲೇ ಒಂದು ಪುಸ್ತಕ ಬರೆದ ಅಂತ ಓದಿದೆ. ಅವನು ಕ್ರೈಸ್ತ. ಆದರೆ ಆ ಪುಸ್ತಕದಲ್ಲಿ ಕ್ರಿಸ್ತನ ಹೆಸರು ಒಂದು ಸಲವೂ ಬರುವುದಿಲ್ಲವಂತೆ. ಸಾಯುವ ಹೊತ್ತಿನಲ್ಲಿ ಯಾರಾದರೂ ಹೀಗೆ ಮಾಡುತ್ತಾರಾ? ಅವನು ನಿಜಕ್ಕೂ ರಾಜದ್ರೋಹ ಮಾಡಿದ್ದನಾ? ಪುಸ್ತಕದಲ್ಲಿರುವುದು ನಮ್ಮ ಕರ್ಮ ಸಿದ್ಧಾಂತದ ಹಾಗೇನಾ? ಈಗ ಓದುವುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ‘ತತ್ವಶಾಸ್ತ್ರದ ಸಾಂತ್ವನ’ ಎಂಬ ಆ ಪುಸ್ತಕದಲ್ಲಿ ಕ್ರಿಸ್ತನ ಹೆಸರು ಇಲ್ಲ ಎಂಬುದು ನಿಜ. ಅದಕ್ಕೆ ಅವನು ಕೊನೆಗಾಲದಲ್ಲಿ ನಂಬಿಕೆ ಕಳೆದುಕೊಂಡ ಅಂತ ಅರ್ಥ ಮಾಡುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ನನಗೆ ಹಾಗನಿಸುವುದಿಲ್ಲ. ಅವನು ಇಡೀ ಬದುಕಿನಲ್ಲಿ ಏನು ಮಾಡುತ್ತಿದ್ದನೋ ಸೆರೆಯಲ್ಲೂ ಅದನ್ನೇ ಮಾಡಿದ, ಅಷ್ಟೆ. ಇದು ಅರ್ಥವಾಗಬೇಕಾದರೆ ಅವನ ಬದುಕಿನ ಕಡೆ ಮೊದಲು ನೋಡಬೇಕು. ಯಾಕೆಂದರೆ ಬಹಳ ಜನ ಬೊಯೆಥಿಯಸ್‌ನನ್ನು ಕೊನೆಯ ಒಂದೆರಡು ವರ್ಷದಿಂದ ಮಾತ್ರ ಬಲ್ಲರು.

ಅವನು ಹುಟ್ಟಿದ್ದು 480ರ ಸುಮಾರಿಗೆ. ಪಶ್ಚಿಮದ ಕೊನೆಯ ಚಕ್ರವರ್ತಿ ರೊಮುಲಸ್ ಆಗಸ್ಟುಲಸ್‌ನನ್ನು 476ರಲ್ಲೇ ಇಳಿಸಿ ಮನೆಗೆ ಕಳಿಸಿಯಾಗಿತ್ತು. 493ರಿಂದ ಇಟಲಿಯನ್ನು ಆಳುತ್ತಿದ್ದವನು ಗಾಥ್ ಜನರ ರಾಜ ಥಿಯೊಡೊರಿಕ್, ರವೆನ್ನಾದಲ್ಲಿ ಕೂತು. ಆದರೆ ರೋಮ್ ಮುಗಿದುಹೋಗಿತ್ತು ಅಂತ ಅಲ್ಲಿದ್ದವರಿಗೆ ಅನಿಸಿರಲಿಲ್ಲ. ಸೆನೆಟ್ ಸೇರುತ್ತಿತ್ತು, ವರ್ಷಕ್ಕೊಮ್ಮೆ ಕಾನ್ಸಲ್‌ಗಳು (ರೋಮಿನಲ್ಲಿ ಅತಿ ದೊಡ್ಡ ಗೌರವದ ಪದವಿ ಅದು) ಅಧಿಕಾರ ವಹಿಸಿಕೊಳ್ಳುತ್ತಿದ್ದರು, ಆಟಗಳು ನಡೆಯುತ್ತಿದ್ದವು, ತೆರಿಗೆ ವಸೂಲಿಯೂ ನಡೆಯುತ್ತಿತ್ತು. ಸೈನ್ಯ ಗಾಥರದ್ದು, ಕಚೇರಿ ರೋಮನ್ನರದ್ದು. ಈ ಹೊಂದಾಣಿಕೆ ಮೂವತ್ತು ವರ್ಷ ಚೆನ್ನಾಗಿಯೇ ನಡೆಯಿತು.

ಬೊಯೆಥಿಯಸ್‌ನ ತಂದೆ 487ರಲ್ಲಿ ಕಾನ್ಸಲ್ ಆಗಿದ್ದವನು. ಮಗ ಚಿಕ್ಕವನಿರುವಾಗಲೇ ತೀರಿಕೊಂಡ. ಹುಡುಗನನ್ನು ಸಾಕಿದ್ದು ಸಿಮ್ಮಾಕಸ್ ಎಂಬ ದೊಡ್ಡ ಸೆನೆಟರ್. ಹಳೆಯ ಮನೆತನ, ದೊಡ್ಡ ಓದುಗಾರ. ಮುಂದೆ ಅವನ ಮಗಳು ರಸ್ಟಿಸಿಯಾನಾಳನ್ನೇ ಮದುವೆಯಾದ. ಸಾಕಿದ ತಂದೆಯೇ ಮಾವನಾದ. ಈ ಸಿಮ್ಮಾಕಸ್ ಹೆಸರು ನೆನಪಿಟ್ಟುಕೊಳ್ಳಿ.

ಆ ಹೊತ್ತಿಗೆ ಇಟಲಿಯಲ್ಲಿ ಗ್ರೀಕ್ ಬಲ್ಲವರು ಕಡಿಮೆಯಾಗುತ್ತಿದ್ದರು. ಪ್ಲೇಟೊ, ಅರಿಸ್ಟಾಟಲ್ ಇದ್ದದ್ದು ಗ್ರೀಕಿನಲ್ಲಿ. ಇನ್ನೊಂದೆರಡು ತಲೆಮಾರು ಕಳೆದರೆ ಲ್ಯಾಟಿನ್ ಓದುವವರಿಗೆ ಇದೆಲ್ಲ ಸಿಗುವುದೇ ಇಲ್ಲ. ಹಾಗಾಗಿ ಬೊಯೆಥಿಯಸ್ ಒಂದು ಹುಚ್ಚು ಯೋಜನೆ ಹಾಕಿಕೊಂಡ. ಅರಿಸ್ಟಾಟಲ್‌ನ ಕೃತಿ ಕೈಗೆ ಸಿಕ್ಕಷ್ಟೂ, ಪ್ಲೇಟೊನ ಸಂವಾದಗಳು ಅಷ್ಟೂ, ಲ್ಯಾಟಿನ್‌ಗೆ ತರಬೇಕು, ಎಲ್ಲಕ್ಕೂ ವ್ಯಾಖ್ಯಾನ ಬರೆಯಬೇಕು, ಕೊನೆಗೆ ಇಬ್ಬರೂ ಮುಖ್ಯ ವಿಷಯಗಳಲ್ಲಿ ಒಂದೇ ಮಾತು ಹೇಳುತ್ತಾರೆ ಅಂತ ತೋರಿಸಬೇಕು. ಇದನ್ನು ಅವನೇ ಒಂದು ವ್ಯಾಖ್ಯಾನದ ನಡುವೆ ಬರೆದಿಟ್ಟಿದ್ದಾನೆ. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಮುಗಿಯುವ ಕೆಲಸವೇ ಅಲ್ಲ ಅದು. ಅರಿಸ್ಟಾಟಲ್‌ನ ತರ್ಕದ ಕೃತಿಗಳು, ಅವುಗಳಿಗೆ ಪೊರ್ಫಿರಿ ಎಂಬ ಗ್ರೀಕ್ ತತ್ವಜ್ಞಾನಿ ಬರೆದ ಪ್ರವೇಶಿಕೆ, ಇಷ್ಟು ಅನುವಾದವಾಯಿತು. ಪ್ರವೇಶಿಕೆಗೆ ಎರಡು ಸಲ ವ್ಯಾಖ್ಯಾನ ಬರೆದ. ಮೊದಲ ಸಲ ಬೇರೆಯವರ ಅನುವಾದ ಇಟ್ಟುಕೊಂಡು, ಎರಡನೇ ಸಲ ತಾನೇ ಹೊಸದಾಗಿ ಅನುವಾದಿಸಿ. ಗಣಿತಕ್ಕೆ ಒಂದು ಪಠ್ಯ, ಸಂಗೀತಕ್ಕೆ ಒಂದು ಪಠ್ಯ. ಪ್ಲೇಟೊನ ಸರದಿ ಬರಲೇ ಇಲ್ಲ.

510ರಲ್ಲಿ ಅವನೂ ಕಾನ್ಸಲ್ ಆದ. ಅದೇ ವರ್ಷ ಅರಿಸ್ಟಾಟಲ್‌ನ ಒಂದು ಕೃತಿಗೆ ವ್ಯಾಖ್ಯಾನ ಬರೆಯುತ್ತಿದ್ದ. ಅದರಲ್ಲಿ ಒಂದು ಕಡೆ ಹೇಳುತ್ತಾನೆ: ಕಾನ್ಸಲ್ ಪದವಿಯ ಜವಾಬ್ದಾರಿಯಿಂದಾಗಿ ಪೂರ್ತಿ ಸಮಯ ಇದಕ್ಕೆ ಕೊಡಲಾಗುತ್ತಿಲ್ಲ, ಆದರೆ ಜನರಿಗೆ ಓದು ಕಲಿಸುವುದೂ ರಾಜ್ಯದ ಕೆಲಸವೇ ತಾನೇ. ನನಗೆ ಈ ಮಾತು ತುಂಬಾ ಇಷ್ಟ. ಇಡೀ ಮನುಷ್ಯ ಆ ಒಂದು ಮಾತಿನಲ್ಲಿ ಸಿಗುತ್ತಾನೆ. ಅನುವಾದ ಅವನಿಗೆ ಹವ್ಯಾಸವಲ್ಲ, ಸರ್ಕಾರಿ ಕೆಲಸದಷ್ಟೇ ಗಂಭೀರ.

ಥಿಯೊಡೊರಿಕ್ ಕೂಡ ಇವನ ವಿದ್ಯೆಯನ್ನು ಚೆನ್ನಾಗಿಯೇ ಬಳಸಿಕೊಂಡ. ರಾಜನ ಪರವಾಗಿ ಪತ್ರ ಬರೆಯುತ್ತಿದ್ದ ಕ್ಯಾಸಿಯೊಡೋರಸ್ ಆ ಪತ್ರಗಳನ್ನೆಲ್ಲ ಕೂಡಿಟ್ಟಿದ್ದಾನೆ. ಅವುಗಳಲ್ಲಿ ಮೂರು ಬೊಯೆಥಿಯಸ್‌ಗೆ ಬಂದವು. ಒಂದರಲ್ಲಿ, ಅರಮನೆ ಕಾವಲು ಪಡೆಗೆ ಸಂಬಳ ಕೊಡುವವನು ತೂಕ ಕಡಿಮೆ ಇರುವ ಚಿನ್ನದ ನಾಣ್ಯ ಕೊಡುತ್ತಿದ್ದಾನೆ ಅಂತ ದೂರು ಬಂದಿದೆ, ಪರೀಕ್ಷಿಸು. ಇನ್ನೊಂದರಲ್ಲಿ, ಫ್ರಾಂಕರ ರಾಜ ಕ್ಲೋವಿಸ್‌ಗೆ ಒಬ್ಬ ಒಳ್ಳೆಯ ತಂತಿವಾದ್ಯಗಾರ ಬೇಕಂತೆ, ಆರಿಸಿ ಕಳಿಸು. ಮತ್ತೊಂದರಲ್ಲಿ, ಬರ್ಗಂಡಿಯ ರಾಜ ಗುಂಡೊಬಾದ್‌ಗೆ ಒಂದು ನೆರಳು ಗಡಿಯಾರ, ಒಂದು ನೀರಿನ ಗಡಿಯಾರ ಬೇಕು, ಸಿದ್ಧಪಡಿಸು. ಗಡಿಯಾರದ ಜೊತೆ ಗುಂಡೊಬಾದ್‌ಗೆ ಹೋದ ಪತ್ರದಲ್ಲಿ, ಹೊಟ್ಟೆ ಹಸಿದಾಗ ಹೊತ್ತು ತಿಳಿಯುವುದು ಪ್ರಾಣಿಗಳ ರೀತಿ ಎಂಬ ಮಾತೂ ಇದೆ. ಉಡುಗೊರೆ ಕೊಡುತ್ತಲೇ ಒಂದು ಕುಟುಕು. ಗಣಿತ, ಸಂಗೀತ, ಖಗೋಳ ಎಲ್ಲಕ್ಕೂ ಆಗ ಇಟಲಿಯಲ್ಲಿ ಇವನೊಬ್ಬನ ಬಾಗಿಲು ತಟ್ಟಿದರೆ ಸಾಕಿತ್ತು.

522ರಲ್ಲಿ ಅವನ ಇಬ್ಬರು ಗಂಡುಮಕ್ಕಳು ಒಟ್ಟಿಗೆ ಕಾನ್ಸಲ್ ಆದರು. ಒಂದು ಸ್ಥಾನ ಪೂರ್ವ ರಾಜ್ಯಕ್ಕೆ, ಇನ್ನೊಂದು ಪಶ್ಚಿಮಕ್ಕೆ ಎಂಬ ರೂಢಿ ಇದ್ದ ಕಾಲ ಅದು. ಎರಡೂ ಒಂದೇ ಮನೆಗೆ! ಅಪ್ಪ ಸೆನೆಟ್‌ನಲ್ಲಿ ರಾಜನನ್ನು ಹೊಗಳಿ ಭಾಷಣ ಮಾಡಿದ. ಸರ್ಕಸ್ ಮೈದಾನದಲ್ಲಿ ಇಬ್ಬರು ಮಕ್ಕಳ ನಡುವೆ ಕೂತು ಜನರಿಗೆ ದಾನ ಹಂಚಿದ. ಅದರ ಬೆನ್ನಿಗೇ ಅರಮನೆ ಕಚೇರಿಗಳೆಲ್ಲದರ ಮುಖ್ಯಸ್ಥನ ಹುದ್ದೆ. ಮೂಲತಃ ಪುಸ್ತಕದ ಮನುಷ್ಯ, ರವೆನ್ನಾದ ರಾಜಕೀಯದೊಳಗೆ ಪೂರ್ತಿ ಇಳಿದುಬಿಟ್ಟ.

ಈಗ ರಾಜದ್ರೋಹದ ವಿಷಯ. 523ರ ಸುಮಾರಿಗೆ ಸಿಪ್ರಿಯನ್ ಎಂಬ ಅಧಿಕಾರಿ ಅಲ್ಬೀನಸ್ ಎಂಬ ಸೆನೆಟರ್ ಮೇಲೆ ಆರೋಪ ಹೊರಿಸಿದ. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಜಸ್ಟಿನ್‌ಗೆ ಥಿಯೊಡೊರಿಕ್ ವಿರುದ್ಧ ಪತ್ರ ಬರೆದಿದ್ದಾನೆ ಅಂತ. ವೆರೋನಾದಲ್ಲಿ ರಾಜನ ಎದುರಿಗೇ ಬೊಯೆಥಿಯಸ್ ಎದ್ದು ನಿಂತ. ಆಪಾದನೆ ಸುಳ್ಳು ಅಂದ. ಅಲ್ಲಿಗೇ ನಿಲ್ಲಿಸಬಹುದಿತ್ತು ಅಲ್ವಾ? ಅಲ್ಬೀನಸ್ ಅದನ್ನು ಮಾಡಿದ್ದರೆ ನಾನೂ ಮಾಡಿದ್ದೇನೆ, ಇಡೀ ಸೆನೆಟ್ ಒಂದೇ ಮನಸ್ಸಿನಿಂದ ಮಾಡಿದೆ ಅಂತ ಸೇರಿಸಿದ. ವಕೀಲನ ಕಣ್ಣಲ್ಲಿ ಅದು ಒಳ್ಳೆಯ ವಾದ: ಇಡೀ ಸೆನೆಟ್ ದ್ರೋಹಿ ಎಂದು ಯಾರೂ ನಂಬುವುದಿಲ್ಲ, ಹಾಗಾಗಿ ಇವನೂ ದ್ರೋಹಿಯಲ್ಲ. ಎಪ್ಪತ್ತರ ಹತ್ತಿರ ಬಂದ, ಅನುಮಾನದಲ್ಲಿ ಬೇಯುತ್ತಿದ್ದ ರಾಜನ ಕಿವಿಗೆ ಅದು ತಪ್ಪೊಪ್ಪಿಗೆಯ ಹಾಗೆ ಕೇಳಿಸಿತು.

ಅನುಮಾನಕ್ಕೆ ಕಾರಣವೂ ಇತ್ತು. ಗಾಥರು ಏರಿಯನ್ ಪಂಗಡದ ಕ್ರೈಸ್ತರು. ಅಂದರೆ ಮಗ ತಂದೆಗೆ ಸಮಾನನಲ್ಲ ಎನ್ನುವವರು. ರೋಮನ್ನರು ಅದನ್ನು ಪಾಷಂಡ ಎನ್ನುತ್ತಿದ್ದರು. ಥಿಯೊಡೊರಿಕ್‌ಗೆ ಅನುಕೂಲವಾಗಿದ್ದದ್ದು ಏನೆಂದರೆ 484ರಿಂದ ರೋಮ್ ಚರ್ಚು, ಕಾನ್‌ಸ್ಟಾಂಟಿನೋಪಲ್ ಚರ್ಚು ತಮ್ಮತಮ್ಮೊಳಗೇ ಜಗಳವಾಡಿ ಬೇರೆಯಾಗಿದ್ದವು. ಜಸ್ಟಿನ್ ಬಂದ ಮೇಲೆ 519ರಲ್ಲಿ ರಾಜಿಯಾಯಿತು. ಈಗ ರೋಮಿನ ಸೆನೆಟರ್‌ಗಳಿಗೂ ಪೂರ್ವದ ಚಕ್ರವರ್ತಿಗೂ ಒಂದೇ ಧರ್ಮ, ರಾಜ ಮಾತ್ರ ಹೊರಗಿನವನು. ಉತ್ತರಾಧಿಕಾರಿ ಎಂದು ಆರಿಸಿದ್ದ ಅಳಿಯ ಯುಥಾರಿಕ್ ಬೇರೆ ತೀರಿಕೊಂಡಿದ್ದ. ಉಳಿದದ್ದು ಚಿಕ್ಕ ಮೊಮ್ಮಗ.

ಬೊಯೆಥಿಯಸ್ ಮೇಲೆ ಸಾಕ್ಷಿ ಹೇಳಿದವರು ಮೂವರು: ಬೆಸಿಲಿಯಸ್, ಒಪಿಲಿಯೋ, ಗೌಡೆಂಟಿಯಸ್. ಅವನೇ ಬರೆಯುವ ಪ್ರಕಾರ ಒಪಿಲಿಯೋ ಮತ್ತು ಗೌಡೆಂಟಿಯಸ್‌ಗೆ ವಂಚನೆಗಳಿಗಾಗಿ ಗಡೀಪಾರು ಆಗಿತ್ತು. ಚರ್ಚಿನೊಳಗೆ ಅಡಗಿಕೊಂಡಿದ್ದರು. ಇಂಥ ದಿನದೊಳಗೆ ರವೆನ್ನಾ ಬಿಡದಿದ್ದರೆ ಹಣೆಗೆ ಬರೆ ಹಾಕಿ ಓಡಿಸಿ ಅಂತ ರಾಜಾಜ್ಞೆ. ಅದೇ ದಿನ ಅವರು ಕೊಟ್ಟ ದೂರನ್ನು ರಾಜ ಒಪ್ಪಿಕೊಂಡ. ನಕಲಿ ಪತ್ರಗಳನ್ನೂ ಮುಂದಿಟ್ಟರು, ಬೊಯೆಥಿಯಸ್ ರೋಮಿನ ಸ್ವಾತಂತ್ರ್ಯ ಬಯಸಿ ಬರೆದದ್ದು ಅಂತ. ಅದಕ್ಕೆ ಅವನ ಉತ್ತರ ಕೇಳಿ: ಇನ್ನೆಲ್ಲಿಯ ಸ್ವಾತಂತ್ರ್ಯ, ಇದ್ದಿದ್ದರೆ ಚೆನ್ನಾಗಿತ್ತು! ಸಂಚಿನ ವಿಷಯ ನನಗೆ ಗೊತ್ತಿದ್ದಿದ್ದರೆ ನಿನಗೆ ಗೊತ್ತಾಗುತ್ತಿರಲಿಲ್ಲ ಅಂತ ಹಿಂದೆ ಒಬ್ಬ ರೋಮಿನ ಚಕ್ರವರ್ತಿ ಕ್ಯಾಲಿಗುಲಾಗೆ ಹೇಳಿದ ಮಾತನ್ನೂ ನೆನಪಿಸುತ್ತಾನೆ. ಹಾಗಾಗಿ ನನ್ನ ಲೆಕ್ಕ ಇಷ್ಟು: ಸಂಚು ಮಾಡಿದವನಲ್ಲ, ಆದರೆ ಸೆನೆಟ್ ಮತ್ತು ರಾಜನ ನಡುವೆ ಒಂದನ್ನೇ ಆರಿಸು ಎಂದರೆ ಯಾವ ಕಡೆ ನಿಲ್ಲುತ್ತಾನೆ ಎಂಬುದನ್ನು ಅವನು ಮುಚ್ಚಿಡಲಿಲ್ಲ.

ಯಾರ ಪರ ನಿಂತನೋ ಆ ಸೆನೆಟ್ಟೇ ಅವನಿಗೆ ಶಿಕ್ಷೆ ವಿಧಿಸಿತು. ಅವನ ಮಾತು ಕೇಳದೆ. ಸುಮಾರು 500 ಮೈಲಿ ದೂರದಲ್ಲಿ, ಬಾಯಿ ಕಟ್ಟಿದ ಸ್ಥಿತಿಯಲ್ಲಿ ನನಗೆ ಮರಣದಂಡನೆ ಆಯಿತು ಅಂತ ಅವನು ಕಹಿಯಾಗಿ ಬರೆಯುತ್ತಾನೆ. ಅವನು ಸೆರೆಯಲ್ಲಿದ್ದದ್ದು ಉತ್ತರ ಇಟಲಿಯ ಪಾವಿಯಾದಲ್ಲಿ. ಇತ್ತ ಸಿಪ್ರಿಯನ್‌ಗೆ ಬಡ್ತಿ ಸಿಕ್ಕಿತು, ಮುಂದೆ ಒಪಿಲಿಯೋಗೂ ಸಿಕ್ಕಿತು. ಬೊಯೆಥಿಯಸ್‌ನ ಖಾಲಿ ಕುರ್ಚಿಗೆ ಬಂದು ಕೂತವನು ಅದೇ ಕ್ಯಾಸಿಯೊಡೋರಸ್. ಅವನ ಪತ್ರಸಂಗ್ರಹದಲ್ಲಿ ಸಿಪ್ರಿಯನ್‌ನ ಹೊಗಳಿಕೆ ಇದೆ, ಬೊಯೆಥಿಯಸ್‌ನ ಪತನದ ಬಗ್ಗೆ ಒಂದು ಸಾಲಿಲ್ಲ.

ಇಷ್ಟು ಗೊತ್ತಿದ್ದರೆ ಪುಸ್ತಕ ಬೇರೆ ಥರ ಕಾಣುತ್ತದೆ. ‘ತತ್ವಶಾಸ್ತ್ರದ ಸಾಂತ್ವನ’ 5 ಭಾಗ, ಗದ್ಯ ಪದ್ಯ ಒಂದಾದ ಮೇಲೊಂದು ಬರುತ್ತವೆ, 39 ಪದ್ಯಗಳಿವೆ. ಶುರುವಿನಲ್ಲಿ ಅವನು ಅಳುತ್ತಾ ಪದ್ಯ ಬರೆಯುತ್ತಿದ್ದಾನೆ. ಹಾಸಿಗೆಯ ಸುತ್ತ ಕಾವ್ಯದೇವತೆಯರು ನಿಂತಿದ್ದಾರೆ. ಆಗ ತಲೆಯ ಹತ್ತಿರ ಒಬ್ಬ ಹೆಂಗಸು ಪ್ರತ್ಯಕ್ಷಳಾಗುತ್ತಾಳೆ. ವಯಸ್ಸಾದವಳು, ಆದರೆ ಕಣ್ಣು ಉರಿಯುತ್ತಿವೆ. ಒಮ್ಮೆ ಸಾಮಾನ್ಯ ಎತ್ತರ, ಒಮ್ಮೆ ತಲೆ ಆಕಾಶಕ್ಕೆ ತಾಗುವಷ್ಟು. ಸೀರೆಯಷ್ಟು ನವಿರಾದ ಬಟ್ಟೆ, ಅವಳೇ ನೇಯ್ದದ್ದು. ಕೆಳಗಡೆ ಗ್ರೀಕಿನ ಪೈ ಅಕ್ಷರ, ಮೇಲುಗಡೆ ಥೀಟಾ, ನಡುವೆ ಏಣಿಯ ಮೆಟ್ಟಿಲು. ಒಂದು ಅಕ್ಷರ ಬದುಕುವ ವಿದ್ಯೆಗೆ, ಇನ್ನೊಂದು ಶುದ್ಧ ಚಿಂತನೆಗೆ. ಆದರೆ ಬಟ್ಟೆ ಅಲ್ಲಲ್ಲಿ ಹರಿದಿದೆ, ಯಾರೋ ಕಿತ್ತು ತುಂಡುತುಂಡಾಗಿ ಒಯ್ದಿದ್ದಾರೆ. ಅವಳೇ ಫಿಲಾಸಫಿ. ಬಂದವಳು ಮೊದಲು ಮಾಡುವ ಕೆಲಸ ಕಾವ್ಯದೇವತೆಯರನ್ನು ಬೈದು ಹೊರಗೆ ಕಳಿಸುವುದು. ಇವರು ನಾಟಕದ ಸೂಳೆಯರು, ರೋಗಿಗೆ ವಿಷ ಕುಡಿಸುತ್ತಿದ್ದಾರೆ ಅಂತ. ಆಮೇಲೆ ಸೆರಗಿನಿಂದ ಅವನ ಕಣ್ಣೊರೆಸುತ್ತಾಳೆ.

ಅವನು ತನ್ನ ಮೊಕದ್ದಮೆಯ ಕಥೆ ಪೂರ್ತಿ ಹೇಳಿಕೊಳ್ಳುತ್ತಾನೆ. ಮೇಲೆ ನಾನು ಹೇಳಿದ ವಿವರಗಳು ಬಹಳಷ್ಟು ಅಲ್ಲಿಂದಲೇ ಬಂದವು. ಬರಗಾಲದಲ್ಲಿ ಕಂಪಾನಿಯಾದ ರೈತರ ಧಾನ್ಯವನ್ನು ಬಲವಂತದಿಂದ ಕೊಳ್ಳುವುದನ್ನು ತಡೆದದ್ದು, ಪೌಲೀನಸ್ ಎಂಬವನ ಆಸ್ತಿಯನ್ನು ಅರಮನೆ ನಾಯಿಗಳ ಬಾಯಿಂದ ಬಿಡಿಸಿದ್ದು, ಎಲ್ಲ. ಅವಳು ಮುಖದಲ್ಲಿ ಏನೂ ತೋರಿಸದೆ ಕೇಳಿಸಿಕೊಳ್ಳುತ್ತಾಳೆ. ಅನ್ಯಾಯವಾಯಿತು, ಛೇ ಅಂತ ಅನ್ನುವುದಿಲ್ಲ. ಬದಲಿಗೆ ಒಂದು ಪ್ರಶ್ನೆ ಹಾಕುತ್ತಾಳೆ: ಮನುಷ್ಯ ಅಂದರೆ ಏನು? ಅವನು ಥಟ್ಟನೆ ಹೇಳುತ್ತಾನೆ: ಬುದ್ಧಿಯಿರುವ, ಸಾಯುವ ಪ್ರಾಣಿ. ಅಷ್ಟೇನಾ? ಅಷ್ಟೆ. ಹಾಗಾದರೆ ನಿನ್ನ ರೋಗ ಗೊತ್ತಾಯಿತು, ನೀನು ಯಾರು ಅನ್ನುವುದೇ ನಿನಗೆ ಮರೆತಿದೆ ಅನ್ನುತ್ತಾಳೆ ಅವಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಉತ್ತರ ಎಲ್ಲಿಯದು? ಪೊರ್ಫಿರಿಯ ತರ್ಕದ ಪ್ರವೇಶಿಕೆಯದ್ದು. ಬೊಯೆಥಿಯಸ್ ತಾನೇ ಅನುವಾದಿಸಿ, ಎರಡೆರಡು ಸಲ ವಿವರಿಸಿದ ಪುಸ್ತಕ. ಅಂದರೆ ತನ್ನದೇ ಪಠ್ಯದ ಉತ್ತರವನ್ನು ಬಾಯಿಪಾಠ ಒಪ್ಪಿಸಿದವನಿಗೆ, ಅದು ಸಾಲದು ಅಂತ ಟೀಚರ್ ಹೇಳುತ್ತಿದ್ದಾಳೆ. ಸಾವಿನ ಮುಂದೆ ಕೂತವನು ತನ್ನ ಇಷ್ಟು ವರ್ಷದ ಕೆಲಸವನ್ನೇ ಪರೀಕ್ಷೆಗಿಡುತ್ತಿದ್ದಾನೆ. ಇದು ಪ್ರಾರ್ಥನೆಯ ಪುಸ್ತಕವಲ್ಲ, ತರ್ಕ ಗೊತ್ತಿದ್ದವನು ತರ್ಕ ಎಲ್ಲಿವರೆಗೆ ಹೋಗುತ್ತದೆ ನೋಡೋಣ ಅಂತ ಹೊರಟ ಪುಸ್ತಕ.

ಮುಂದೆ ಅದೃಷ್ಟದೇವತೆಯ ಗಾಲಿ ಬರುತ್ತದೆ. ಯೂರೋಪಿನ ಚರ್ಚು, ಹಸ್ತಪ್ರತಿಗಳಲ್ಲೆಲ್ಲ ನೂರಾರು ವರ್ಷ ಚಿತ್ರಿಸಿದ ಗಾಲಿ. ಬೇಕಿದ್ದರೆ ಹತ್ತು, ಆದರೆ ಆಟದ ನಿಯಮದಂತೆ ಇಳಿಯಬೇಕಾದಾಗ ಅನ್ಯಾಯ ಅಂತ ಕೂಗಬೇಡ ಅನ್ನುತ್ತದೆ ಅದೃಷ್ಟ. ಫಿಲಾಸಫಿ ಲೆಕ್ಕ ಒಪ್ಪಿಸುತ್ತಾಳೆ: ಅನಾಥನಾದರೂ ದೊಡ್ಡ ಮನೆ ಸಿಕ್ಕಿತು, ಒಳ್ಳೆಯ ಹೆಂಡತಿ ಸಿಕ್ಕಳು, ಮಕ್ಕಳ ನಡುವೆ ಕೂತ ಆ ದಿನ ಸಿಕ್ಕಿತು. ಅದಕ್ಕೆ ಅವನು ಕೊಡುವ ಉತ್ತರ ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಚುಚ್ಚುವ ಮಾತು. ಕಷ್ಟಗಳಲ್ಲೆಲ್ಲ ದೊಡ್ಡ ಕಷ್ಟ ಹಿಂದೊಮ್ಮೆ ಸುಖವಾಗಿದ್ದದ್ದು. ಇಟಲಿಯ ಕವಿ ಡಾಂಟೆ ಇದನ್ನೇ ತನ್ನ ಕಾವ್ಯದ ನರಕದಲ್ಲಿ ಫ್ರಾಂಚೆಸ್ಕಾ ಎಂಬವಳ ಬಾಯಲ್ಲಿ ಹೇಳಿಸಿದ. ಫಿಲಾಸಫಿ ಸೋಲುವುದಿಲ್ಲ: ಮಾವ ಸಿಮ್ಮಾಕಸ್ ಇನ್ನೂ ಕ್ಷೇಮವಾಗಿದ್ದಾನಲ್ಲ, ನೀನು ಪೂರ್ತಿ ಕಳೆದುಕೊಂಡಿಲ್ಲ. ಸಿಮ್ಮಾಕಸ್ ಕ್ಷೇಮವಾಗಿದ್ದದ್ದು ಸ್ವಲ್ಪ ಕಾಲ ಮಾತ್ರ.

ಮೂರನೇ ಭಾಗದಲ್ಲಿ ಹಣ, ಪದವಿ, ಅಧಿಕಾರ, ಕೀರ್ತಿ, ಭೋಗ ಒಂದೊಂದನ್ನೂ ತೆಗೆದು ನೋಡಿ ಪಕ್ಕಕ್ಕಿಡುತ್ತಾರೆ. ನಿಜವಾದ ಸುಖ ದೇವರಲ್ಲಿ ಎಂಬ ತೀರ್ಮಾನಕ್ಕೆ ಬರುತ್ತಾರೆ. ದೇವರು ಇದ್ದಾನೆ, ಗಮನಿಸಿ. ಆದರೆ ಆ ದೇವರ ಹತ್ತಿರ ಹೋಗುವುದು ಶಾಸ್ತ್ರವಾಕ್ಯದಿಂದಲ್ಲ, ವಾದದಿಂದ. ನಾಲ್ಕನೆಯದು, ಕೆಟ್ಟವರು ಯಾಕೆ ಚೆನ್ನಾಗಿರುತ್ತಾರೆ ಎಂಬ ಪ್ರಶ್ನೆ. ಐದನೆಯದು ಎಲ್ಲಕ್ಕಿಂತ ಕಠಿಣ. ನಾಳೆ ನಾನೇನು ಮಾಡುತ್ತೇನೆ ಅಂತ ದೇವರಿಗೆ ಇವತ್ತೇ ಗೊತ್ತಿದ್ದರೆ ನನ್ನ ಸ್ವಾತಂತ್ರ್ಯ ಎಲ್ಲಿ? ಪ್ರಾರ್ಥನೆ ಯಾಕೆ?

ಉತ್ತರ ಸೊಗಸಾಗಿದೆ. ಒಬ್ಬ ನಡೆದು ಹೋಗುತ್ತಿರುವುದನ್ನು, ಅದೇ ಹೊತ್ತಿಗೆ ಸೂರ್ಯ ಹುಟ್ಟುವುದನ್ನು ನೀವು ನೋಡುತ್ತಿದ್ದೀರಿ. ನೋಡುತ್ತಿರುವಾಗ ಎರಡೂ ನಡೆಯುತ್ತಿರುವುದು ಖಚಿತ. ಸೂರ್ಯ ಹುಟ್ಟಲೇಬೇಕು. ಆದರೆ ಆ ಮನುಷ್ಯ ನಡೆಯಲೇಬೇಕು ಅಂತೇನಿಲ್ಲ, ಸುಮ್ನೆ ಕೂತಿರಬಹುದಿತ್ತು. ನಿಮ್ಮ ನೋಟ ಅವನ ಕಾಲನ್ನು ಎಳೆಯುತ್ತಿಲ್ಲ. ದೇವರಿಗೆ ನಿನ್ನೆ ನಾಳೆ ಇಲ್ಲ, ಎಲ್ಲ ಕಾಲವೂ ಒಟ್ಟಿಗೆ ಕಣ್ಣೆದುರು ಇದೆ. ಅವನು ಮುಂದಾಗಿ ತಿಳಿಯುವುದಿಲ್ಲ, ನೋಡುತ್ತಾನೆ. ಇದರಿಂದ ಸಮಸ್ಯೆ ಪೂರ್ತಿ ಬಗೆಹರಿಯುತ್ತದಾ? ನನಗೆ ಸಮಾಧಾನವಿಲ್ಲ. ಆ ನೋಟವೂ ಬದಲಾಗಲಾರದ್ದೇ ಅಲ್ವಾ ಎಂಬ ಪ್ರಶ್ನೆ ಉಳಿಯುತ್ತದೆ. ಆದರೆ ಇವತ್ತಿಗೂ ಈ ವಾದ ಮಾಡುವವರು ಅವನಿಂದಲೇ ಶುರು ಮಾಡುತ್ತಾರೆ.

ಕರ್ಮ ಸಿದ್ಧಾಂತದ ಹಾಗೇನಾ ಅಂದಿರಿ. ಅಲ್ಲ. ಹಿಂದಿನ ಜನ್ಮದ ಲೆಕ್ಕ ಇಲ್ಲಿ ತೀರುವುದಿಲ್ಲ, ಮುಂದಿನ ಜನ್ಮದ ಭರವಸೆಯೂ ಇಲ್ಲ. ಫಿಲಾಸಫಿ ಹೇಳುವುದು ಇಷ್ಟೇ: ಕೆಟ್ಟದ್ದು ಮಾಡಿದವನಿಗೆ ಕೆಟ್ಟವನಾಗುವುದೇ ಶಿಕ್ಷೆ. ದೋಚುವವನು ತೋಳವಾಗುತ್ತಾನೆ, ಜಗಳಗಂಟ ನಾಯಿಯಾಗುತ್ತಾನೆ, ಇದೇ ದೇಹದಲ್ಲಿ, ಇದೇ ಜನ್ಮದಲ್ಲಿ.

ಇನ್ನು ಕ್ರಿಸ್ತ. 19ನೇ ಶತಮಾನದಲ್ಲಿ ಕೆಲವು ವಿದ್ವಾಂಸರು, ಇವನ ಹೆಸರಿನಲ್ಲಿರುವ ಕ್ರೈಸ್ತ ದೇವಶಾಸ್ತ್ರದ ಐದು ಸಣ್ಣ ಪ್ರಬಂಧಗಳು ಬೇರೆ ಯಾರದೋ ಇರಬೇಕು ಅಂತಿದ್ದರು. 1877ರಲ್ಲಿ ಒಂದು ಹಳೆಯ ತುಣುಕು ಅಚ್ಚಾಯಿತು, ಕ್ಯಾಸಿಯೊಡೋರಸ್‌ನದ್ದು. ಅದರಲ್ಲಿ ಬೊಯೆಥಿಯಸ್ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆಯ) ಬಗ್ಗೆ, ಪಾಷಂಡಿ ಎನಿಸಿಕೊಂಡ ಬಿಷಪ್ ನೆಸ್ಟೋರಿಯಸ್ ವಿರುದ್ಧ ಬರೆದನೆಂದು ಸ್ಪಷ್ಟವಾಗಿದೆ. ಅಲ್ಲಿಗೆ ಆ ವಾದ ಮುಗಿಯಿತು. ಆ ಪ್ರಬಂಧಗಳನ್ನು ಓದಿದರೆ ಇನ್ನೊಂದು ಕಾಣುತ್ತದೆ. ಅವುಗಳಲ್ಲಿ ಬಹುಪಾಲು ಬೈಬಲ್ ವಾಕ್ಯಗಳ ಮೇಲೆ ನಿಲ್ಲುವುದಿಲ್ಲ, ತರ್ಕದ ಮೇಲೆ ನಿಲ್ಲುತ್ತವೆ. ಒಂದರ ಕೊನೆಯಲ್ಲಿ ಅವನು ಕೇಳುವುದೇ, ಸಾಧ್ಯವಾದರೆ ನಂಬಿಕೆ ಮತ್ತು ಬುದ್ಧಿಯನ್ನು ಜೋಡಿಸು ಅಂತ. ಹಾಗೆ ಬರೆಯುತ್ತಿದ್ದವನು ಸೆರೆಯಲ್ಲಿ ಫಿಲಾಸಫಿಯನ್ನು ಕರೆದಾಗ, ಅವಳ ಬಾಯಲ್ಲಿ ಅವಳಿಗೆ ಗೊತ್ತಿರುವುದನ್ನಷ್ಟೇ ಹೇಳಿಸಿದ. ಪುನರುತ್ಥಾನದ ಮಾತು ಅವಳದ್ದಲ್ಲ. ಮೂರನೇ ಭಾಗದಲ್ಲಿ ಒಂದು ಕಡೆ ಅವಳು, ಪರಮ ಒಳ್ಳೆಯದು ಎಲ್ಲವನ್ನೂ ಬಲವಾಗಿ ಆಳುತ್ತದೆ, ಮೃದುವಾಗಿ ನಡೆಸುತ್ತದೆ ಅನ್ನುತ್ತಾಳೆ. ಇದು ಲ್ಯಾಟಿನ್ ಬೈಬಲಿನ ಜ್ಞಾನಗ್ರಂಥದ ವಾಕ್ಯದ ನೇರ ನೆರಳು. ಅವನು ತಕ್ಷಣ ಹೇಳುತ್ತಾನೆ: ವಾದ ಮಾತ್ರವಲ್ಲ, ನೀನು ಬಳಸಿದ ಮಾತುಗಳೇ ನನಗೆ ಇನ್ನೂ ಜಾಸ್ತಿ ಸಂತೋಷ ಕೊಟ್ಟವು. ಗೊತ್ತಿದ್ದವರಿಗೆ ಅಷ್ಟು ಸಾಕು.

ಅವನನ್ನು ಕೊಂದದ್ದು 524ರ ಸುಮಾರಿಗೆ. ತಲೆಗೆ ಹಗ್ಗ ಸುತ್ತಿ ಕಣ್ಣು ಕಿತ್ತು ಬರುವ ತನಕ ಬಿಗಿದು, ಕೊನೆಗೆ ದೊಣ್ಣೆಯಿಂದ ಹೊಡೆದರು ಅಂತ ಹೆಸರು ತಿಳಿಯದ ಒಬ್ಬ ಚರಿತ್ರಕಾರ ಬರೆದಿದ್ದಾನೆ. ಸಿಮ್ಮಾಕಸ್‌ನನ್ನೂ ಸ್ವಲ್ಪ ದಿನಕ್ಕೆ ಮುಗಿಸಿದರು. ಥಿಯೊಡೊರಿಕ್ ಸತ್ತದ್ದು 526ರ ಆಗಸ್ಟ್‌ನಲ್ಲಿ. ಆ ಶತಮಾನದ ಗ್ರೀಕ್ ಚರಿತ್ರಕಾರ ಪ್ರೊಕೋಪಿಯಸ್ ಹೇಳುವ ಕಥೆಯ ಪ್ರಕಾರ ಊಟಕ್ಕೆ ತಂದಿಟ್ಟ ದೊಡ್ಡ ಮೀನಿನ ತಲೆ ಅವನಿಗೆ ತುಟಿ ಕಚ್ಚಿ ಗುರಾಯಿಸುವ ಸಿಮ್ಮಾಕಸ್‌ನ ತಲೆಯಂತೆ ಕಂಡು, ಚಳಿ ಹಿಡಿದು ಮಲಗಿದವನು ಏಳಲಿಲ್ಲ. ಕಥೆಯನ್ನು ಕಥೆಯಾಗಿಯೇ ಇಟ್ಟುಕೊಳ್ಳೋಣ. ರಾಜನ ಮಗಳು ಅಮಲಸುಂಥಾ ಎರಡೂ ಕುಟುಂಬಗಳ ಆಸ್ತಿ ಹಿಂದಿರುಗಿಸಿದಳು. ರಸ್ಟಿಸಿಯಾನಾ ಅದನ್ನು ಬಡವರಿಗೆ ಕೊಡುತ್ತಾ ಬಂದಳು. 546ರಲ್ಲಿ ಗಾಥ್ ರಾಜ ಟೊಟಿಲಾ ರೋಮ್ ಹಿಡಿದಾಗ ಅವಳು ಮನೆಮನೆಗೆ ಹೋಗಿ ರೊಟ್ಟಿ ಬೇಡುವ ಸ್ಥಿತಿಯಲ್ಲಿದ್ದಳು. ಥಿಯೊಡೊರಿಕ್‌ನ ಪ್ರತಿಮೆಗಳನ್ನು ಒಡೆಸಿದಳು ಅಂತ ಗಾಥರು ಕೊಲ್ಲಲು ಹೊರಟರು, ಟೊಟಿಲಾ ಬಿಡಲಿಲ್ಲ.

ಪುಸ್ತಕ ಮಾತ್ರ ಎಲ್ಲ ಕಡೆ ಹೋಯಿತು. ಇಂಗ್ಲೆಂಡಿನ ದೊರೆ ಆಲ್ಫ್ರೆಡ್‌ನ ಹೆಸರಿನಲ್ಲಿ ಹಳೆಯ ಇಂಗ್ಲಿಷ್‌ಗೆ ಬಂತು, ಇಂಗ್ಲಿಷ್ ಕವಿ ಚಾಸರ್ ಅನುವಾದಿಸಿದ, 1593ರಲ್ಲಿ ರಾಣಿ ಮೊದಲನೇ ಎಲಿಜಬೆತ್ ಅನುವಾದಿಸಿದಳು. ಆದರೆ ನನ್ನನ್ನು ಕೇಳಿದರೆ ಅವನ ಒಣ ಪಠ್ಯಗಳದ್ದೇ ದೊಡ್ಡ ಪರಿಣಾಮ. 12ನೇ ಶತಮಾನದವರೆಗೆ ಪಶ್ಚಿಮ ಯೂರೋಪಿಗೆ ಗೊತ್ತಿದ್ದ ಅರಿಸ್ಟಾಟಲ್ ಅಂದರೆ ಹೆಚ್ಚುಕಡಿಮೆ ಇವನು ಕೊಟ್ಟಷ್ಟೇ. ‘ಕುದುರೆತನ’ ಎಂಬುದು ಕುದುರೆಗಳ ಹೊರಗೆ ಎಲ್ಲಾದರೂ ಇದೆಯೋ, ಬರೀ ನಮ್ಮ ತಲೆಯಲ್ಲಿದೆಯೋ ಎಂಬ ಜಗಳದಲ್ಲಿ ಫ್ರಾನ್ಸಿನ ತಾರ್ಕಿಕ ಅಬೆಲಾರ್ಡ್‌ನಂಥವರು ಇಳಿದದ್ದು, ಪೊರ್ಫಿರಿ ಕೇಳಿ ಬಿಟ್ಟ ಪ್ರಶ್ನೆಗಳನ್ನು ಇವನು ಎತ್ತಿಕೊಂಡು ಚರ್ಚಿಸಿದ್ದರಿಂದ.

ಓದುವುದಕ್ಕೆ: ಇಂಗ್ಲಿಷ್‌ನಲ್ಲಿ ಹೊಸ ಅನುವಾದಗಳು ಸುಲಭವಾಗಿ ಸಿಗುತ್ತವೆ, ಪದ್ಯಗಳನ್ನೂ ಬಿಡದೆ ಕೊಟ್ಟಿರುವ ಪ್ರತಿ ತೆಗೆದುಕೊಳ್ಳಿ. ಮೊದಲೆರಡು ಭಾಗ ಒಂದೇ ಉಸಿರಿಗೆ ಓದಿ ಮುಗಿಸಬಹುದು. ಮೂರನೆಯದರ ಒಂಬತ್ತನೇ ಪದ್ಯದ ಹತ್ತಿರ ನಿಧಾನ ಮಾಡಿ, ಪ್ಲೇಟೊನ ‘ಟಿಮೇಯಸ್’ ಸಂವಾದದ ಮೊದಲ ಭಾಗದ ಸಾರವನ್ನು 28 ಸಾಲಿಗೆ ಇಳಿಸಿದ್ದಾನೆ. ಅದೇ ಭಾಗದ ಕೊನೆಯ ಆರ್ಫಿಯಸ್ ಪದ್ಯ ಬಿಡಬೇಡಿ. ನಾಲ್ಕನೆಯದರ ಉತ್ತರಾರ್ಧದಲ್ಲಿ, ವಿಧಿ ಮತ್ತು ದೈವಯೋಜನೆ ಬೇರೆಬೇರೆ ಅಂತ ವೃತ್ತಗಳ ಲೆಕ್ಕದಲ್ಲಿ ವಿವರಿಸುವಾಗ ಬಹಳ ಜನ ಕೈಬಿಡುತ್ತಾರೆ. ಅಲ್ಲಿ ಸಿಕ್ಕಿಕೊಂಡರೆ ಆ ಭಾಗ ಹಾರಿಸಿ ನೇರ ಐದಕ್ಕೆ ಹೋಗಿ, ಆಮೇಲೆ ಹಿಂದಿರುಗಿ ಬಂದರೂ ನಷ್ಟವಿಲ್ಲ.